ಕೋಳಿಗೆ ಕೊಟ್ಟ ದನಿ

೧೨ ಫೆಬ್ರವರಿ

ತಮ್ಮಾ,

ಫೋನು ಬಿಟ್ಟು ಕಾಗದ ಯಾಕೆ ಅಂತ ನೀನು ಹುಬ್ಬೇರಿಸುತ್ತೀಯ, ಗೊತ್ತು. ಫೋನಿನಲ್ಲಿ ನಾನು ದನಿ ಏರಿಸಿದ ತಕ್ಷಣ ನಿನಗೆ ಮೀಟಿಂಗ್ ನೆನಪಾಗುತ್ತದೆ. ಕಾಗದದಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿದು ಹಾಕು.

ನೀನು ಕಥೆ ಬರೆಯುವ ಕಾರ್ಟೂನು ಟಿವಿಯಲ್ಲಿ ಶುರುವಾಯಿತು. ಸಣ್ಣ ಮಕ್ಕಳಿರುವ ಮನೆಗಳಲ್ಲೆಲ್ಲ ಬೆಳಿಗ್ಗೆ ಎದ್ದರೆ ಅದೇ. ಕಾಗದ ಹಂಚುವ ಕರಡಿ, ಬೆಂಕಿ ಆರಿಸುವ ಆನೆ, ನೋವೇ ಆಗದ ಹಾಗೆ ಸೂಜಿ ಚುಚ್ಚುವ ನರ್ಸ್ ಮೊಲ. ಎಲ್ಲ ಸರಿ. ಕಸ ಎತ್ತುವವಳನ್ನು ಮಾತ್ರ ಕೋಳಿ ಮಾಡಿದ್ದೀಯಲ್ಲ, ಅದಕ್ಕೆ ನಿನ್ನ ಕಿವಿ ಹಿಂಡಬೇಕು. ಕಸ ಅಂದ ಕೂಡಲೇ ಕೆದಕುವ ಕೋಳಿಯೇ ಹೊಳೆಯಿತೇ? ಅದಕ್ಕೆ 'ಗುಡಿಸಕ್ಕ' ಅಂತ ಹೆಸರು ಬೇರೆ. ಈಗ ನಾನು ಕಸದ ಗಾಡಿಯ ಹಿಂದೆ ನಡೆಯುತ್ತಿದ್ದರೆ ಮಕ್ಕಳು ಕಿಟಕಿಗೆ ಬಂದು ಗುಡಿಸಕ್ಕಾ ಅಂತ ಕೂಗುತ್ತವೆ. ಸಿಟ್ಟು ಮಾಡೋಣ ಅಂದರೆ ಆ ಮುಖಗಳನ್ನು ನೋಡಿ ಆಗುವುದಿಲ್ಲ.

ಆ ಕೋಳಿಯ ಬಾಯಿಂದ ನನ್ನ ದನಿ ಬಂದಾಗ ಮೈ ಜುಮ್ಮೆಂದಿತು. ಹೋದ ಸಲ ನೀನು ಬಂದಾಗ ನನ್ನನ್ನು ಬಟ್ಟೆಯ ಕಪಾಟಿನ ಮುಂದೆ ಕೂರಿಸಿ, ತಲೆಯ ಮೇಲೆ ಕಂಬಳಿ ಹೊದಿಸಿ, ಬೀದಿಯಲ್ಲಿ ಹೇಗೆ ಕೂಗುತ್ತೀಯೋ ಹಾಗೇ ಕೂಗು ಅಂದಿದ್ದೆ, ನೀನು ಬರೆದ ನಾಲ್ಕು ಸಾಲನ್ನೂ ಹೇಳಿಸಿದ್ದೆ. ನಾನು "ಕಸಾ... ಕೊಡಿ ಕಸಾ..." ಅಂತ ಕೂಗಿ, ಒಳಗೆ ಸೆಕೆ ತಡೆಯಲಾರದೆ ನಕ್ಕುಬಿಟ್ಟಿದ್ದೆ. ಆ ನಗುವನ್ನೂ ಬಿಡದೆ ಹಾಕಿದ್ದೀಯ. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಪುಟ್ಟಿಯನ್ನು ಕರೆದು ಅದು ನಿನ್ನ ಅಮ್ಮನೇ ಕಣೇ ಅಂದೆ. ಅವಳು ಟಿವಿಯ ಹಿಂದಕ್ಕೆ ಹೋಗಿ ಇಣುಕಿ ನೋಡಿ ಬಂದಳು. "ಸುಳ್ಳು. ನೀನು ಇಲ್ಲೇ ಇದೀಯಲ್ಲ" ಅಂದಳು. ನಿಮ್ಮ ಭಾವ ನಕ್ಕಿದ್ದೇ ನಕ್ಕಿದ್ದು.

ಆದರೆ ಒಂದು ಮಾತು ಕೇಳು. ಆ ಕೋಳಿಯ ಬುಟ್ಟಿಯಲ್ಲಿ ಕಾಗದದ ಚೂರು, ತಿಂದು ಬಿಟ್ಟ ಸೇಬು ಬಿಟ್ಟರೆ ಬೇರೆ ಕಸವೇ ಇಲ್ಲ. ಅದಕ್ಕೆ ರಜೆ ಬೇಡ, ಜ್ವರ ಬರುವುದಿಲ್ಲ. "ಆಗಲ್ಲ ಅನ್ನೋ ಮಾತೇ ಇಲ್ಲ, ನಗ್ತಾ ನಗ್ತಾ ಕೆಲಸ ಎಲ್ಲ" ಅಂತ ಕುಣಿದು, "ನನ್ನ ಜೊತೆ ಹೇಳಿ ಮಕ್ಕಳೇ" ಅನ್ನುತ್ತದೆ. ಮಕ್ಕಳು ಹೇಳಿಯೇ ಹೇಳುತ್ತವೆ. ಮುಂದಿನ ಕಂತಿನಲ್ಲಿ ಅದಕ್ಕೆ ಒಂದು ಜೊತೆ ಕೈಗವಸು ಹಾಕಿಸು. ಕೋಳಿಗೆ ಕೈ ಎಲ್ಲಿದೆ ಅಂತ ಜಾಣತನ ತೋರಿಸಬೇಡ, ಹಾಡು ಹೇಳುವ ಕೋಳಿಗೆ ಕೈಯೂ ಇರಬಹುದು. ಮಕ್ಕಳು ಅದನ್ನು ನೋಡಿದರೆ ನಾಳೆ ನಮ್ಮ ಬರಿಗೈ ಯಾಕೆ ಹೀಗೆ ಅಂತ ಮನೆಯಲ್ಲಿ ಕೇಳಿಯಾವು. ನಮಗೆ ಗುತ್ತಿಗೆದಾರನನ್ನು ಕೇಳಿ ಕೇಳಿ ಸಾಕಾಗಿದೆ.

ನಿನ್ನ ಅಕ್ಕ (ಕೋಳಿಯಲ್ಲ)


೩ ಮಾರ್ಚ್

ಅಕ್ಕಾ,

ಪೂರ್ತಿ ಓದಿದೆ, ಹರಿದು ಹಾಕಲಿಲ್ಲ. ಕೋಳಿ ಮಾಡಿದ್ದು ನಾನಲ್ಲ, ಚಿತ್ರ ಬರೆಯುವವರು. ನಾನು ನವಿಲು ಕೇಳಿದ್ದೆ, ಗರಿ ಬರೆಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ ಅಂದರು.

ಕೈಗವಸಿನ ಮಾತು ಮೀಟಿಂಗ್‌ನಲ್ಲಿ ಎತ್ತಿದೆ. ನಮ್ಮ ಸ್ಟುಡಿಯೋದ ನಿರ್ದೇಶಕಿ ಬೇಡ ಅಂದರು. ಕೈಗವಸು ಹಾಕಿದರೆ ಕಸ ಅಪಾಯದ ವಸ್ತು ಅಂತ ಮಕ್ಕಳಿಗೆ ಹೆದರಿಕೆಯಾಗುತ್ತದಂತೆ. ಆ ವಯಸ್ಸಿನವರಿಗೆ ಲೋಕದ ಮೇಲೆ ಭರವಸೆ ಬರಬೇಕು, ಕರೆದಾಗ ಯಾರಾದರೂ ನಗುತ್ತಾ ಬಂದೇ ಬರುತ್ತಾರೆ ಅನ್ನಿಸಬೇಕು, ಮಿಕ್ಕಿದ್ದು ದೊಡ್ಡವರಾದ ಮೇಲೆ ತಾವೇ ತಿಳಿದುಕೊಳ್ಳುತ್ತಾರೆ ಅಂದರು. ಅದು ಪೂರಾ ತಪ್ಪು ಅಂತ ನನಗೂ ಅನ್ನಿಸುವುದಿಲ್ಲ.

ಸಿಹಿ ಸುದ್ದಿ ಏನೆಂದರೆ ಎಲ್ಲ ಪಾತ್ರಗಳಿಗಿಂತ ಗುಡಿಸಕ್ಕನೇ ಹೆಚ್ಚು ಹೆಸರು ಮಾಡಿದ್ದಾಳೆ. ಅದು ನಿನ್ನ ದನಿಯಿಂದ ಅಂತ ಎಲ್ಲರಿಗೂ ಗೊತ್ತು. ಅವಳ ಗೊಂಬೆ ಮಾಡಿಸಿದ್ದಾರೆ, ಪುಟ್ಟಿಗೆ ಒಂದು ಕಳಿಸಿದ್ದೇನೆ. ಎರಡನೇ ಸರಣಿಗೆ ಕಥೆಯ ಜವಾಬ್ದಾರಿ ಪೂರ್ತಿ ನನಗೇ ಕೊಡುವ ಮಾತು ನಡೆದಿದೆ. ಆಗ ನಿನ್ನ ಕೈಗವಸು ನೋಡಿಕೊಳ್ಳುತ್ತೇನೆ. ಸ್ವಲ್ಪ ತಾಳ್ಮೆ ಇರಲಿ.

ನಿನ್ನ ತಮ್ಮ


೨೦ ಏಪ್ರಿಲ್

ತಮ್ಮಾ,

ಗೊಂಬೆ ಬಂತು. ಹೊಟ್ಟೆ ಒತ್ತಿದರೆ ನಾನೇ ಕೂಗುತ್ತೇನೆ. ಇಡೀ ಬೆಳಿಗ್ಗೆ ಕೂಗಿ ಮನೆಗೆ ಬಂದರೆ ಇಲ್ಲೂ ನನ್ನದೇ ಕೂಗು ಕಾಯುತ್ತಿತ್ತು. ಒಬ್ಬಳನ್ನು ಸುಧಾರಿಸುವುದೇ ಕಷ್ಟವಾಗಿತ್ತು, ಈಗ ಇಬ್ಬರು ಅಂತ ನಿಮ್ಮ ಭಾವ ಗೊಣಗುತ್ತಾರೆ.

ತಮಾಷೆ ಇಲ್ಲಿಗೆ ಸಾಕು. ನನ್ನ ಗಾಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರಲ್ಲ, ಎಲ್ಲರೂ ದೊಡ್ಡಮ್ಮ ಅನ್ನುತ್ತೇವೆ, ನೀನೂ ಅವರ ಕೈಯಿಂದ ಚಹಾ ಕುಡಿದಿದ್ದೀಯ. ಯಾರದೋ ಮನೆಯ ಕಸದ ಚೀಲದಲ್ಲಿ ಒಡೆದ ಗಾಜು ಇತ್ತು. ಎತ್ತುವಾಗ ಅಂಗೈ ಉದ್ದಕ್ಕೂ ಸೀಳಿತು. ಬಟ್ಟೆ ಸುತ್ತಿಕೊಂಡು ಆ ದಿನದ ಕೆಲಸ ಮುಗಿಸಿದರು. ಕೈ ಬಾತು, ಕೀವಾಗಿ, ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಗುತ್ತಿಗೆದಾರ ನೋಡುವುದಕ್ಕೂ ಬರಲಿಲ್ಲ. ಕೈ ಇಲ್ಲದವರನ್ನು ಇಟ್ಟುಕೊಂಡು ಏನು ಮಾಡಲಿ ಅಂತ ಅವರನ್ನು ಕೆಲಸದಿಂದ ತೆಗೆದ. ಮೇಸ್ತ್ರಿಯ ಬಾಯಲ್ಲಿ ಆ ಮಾತು ಕೇಳಿ ನಮ್ಮ ರಕ್ತ ಕುದಿಯಿತು. ದೊಡ್ಡಮ್ಮನನ್ನು ವಾಪಸ್ಸು ತಗೊಳ್ಳಿ, ಎಲ್ಲರಿಗೂ ಕೈಗವಸು ಕೊಡಿ, ಅಲ್ಲಿಯವರೆಗೆ ಕಸ ಮುಟ್ಟುವುದಿಲ್ಲ ಅಂತ ಕೂತಿದ್ದೇವೆ. ಗಾಡಿಗಳೆಲ್ಲ ಶೆಡ್ಡಿನಲ್ಲಿವೆ.

ಬೀದಿಯವರು ಮೊದಲೆರಡು ದಿನ ಪಾಪ ಅಂದರು. ಮೂಲೆಯಲ್ಲಿ ಕಸ ಏರಿದ ಮೇಲೆ ಪಾಪ ಇಳಿಯಿತು. ಮಹಡಿ ಮನೆಯಾಕೆ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು, ನನಗೆ ಕೇಳಲಿ ಅಂತಲೇ, "ಗುಡಿಸಕ್ಕ ಹೀಗೆಲ್ಲ ಮಾಡ್ತಾಳಾ ಪುಟ್ಟಾ? ಮಾಡಲ್ಲ ಅಲ್ವಾ?" ಅಂದಳು. ಆಕೆ ಬಿಸಾಡಿದ ಗಾಜೇ ಇರಬಹುದು, ಯಾರು ಕಂಡರು? ಒಂದು ಕೋಳಿಯನ್ನು ನನಗೆ ಮೇಲ್ಪಂಕ್ತಿ ಮಾಡಿ ಪಾಠ ಹೇಳುತ್ತಾಳೆ.

ಅದನ್ನು ನುಂಗಿಕೊಂಡೆ. ಇದನ್ನು ನುಂಗಲಾರೆ. ನಿನ್ನೆ ಪುಟ್ಟಿ ಶಿಶುವಿಹಾರದಿಂದ ಮುಖ ಸಪ್ಪೆ ಮಾಡಿಕೊಂಡು ಬಂದಳು. ಅಲ್ಲಿ ನಿನ್ನ ಕಾರ್ಟೂನು ತೋರಿಸಿ, ನಮಗೆ ಸಹಾಯ ಮಾಡುವವರು ಯಾರು ಅಂತ ಪಾಠ ಮಾಡಿದ್ದಾರೆ. ಇವಳು ಎದ್ದು ನಿಂತು ನನ್ನ ಅಮ್ಮ ಕೆಲಸ ನಿಲ್ಲಿಸಿದ್ದಾಳೆ ಅಂದಿದ್ದಾಳೆ. ಮಕ್ಕಳು ನಕ್ಕಿದ್ದಾರೆ. ಊಟಕ್ಕೆ ಕೂತವಳು ತಟ್ಟೆ ನೋಡುತ್ತಾ ಕೇಳಿದಳು: "ಸಹಾಯ ಮಾಡೋರು ಯಾವತ್ತೂ ನಿಲ್ಸಲ್ವಂತೆ. ನೀನು ಕೆಟ್ಟೋಳಾ ಅಮ್ಮ?"

ನಾನು ದೊಡ್ಡಮ್ಮನ ಕೈಯ ವಿಷಯ ಹೇಳಿದೆ. ಪೂರ್ತಿ ಕೇಳಿ, ಯೋಚನೆ ಮಾಡಿ, "ಗುಡಿಸಕ್ಕಂಗೆ ಗಾಜು ಚುಚ್ಚಲ್ಲ" ಅಂದಳು. ಗಾಜು ಚುಚ್ಚಿಸಿಕೊಂಡವರದೇ ತಪ್ಪು ಅನ್ನುವ ಹಾಗೆ. ನಾಲ್ಕು ವರ್ಷದ ಮಗುವಿಗೆ ಇದನ್ನು ಕಲಿಸಿದವರು ಯಾರು? ದೊಡ್ಡವಳಾದ ಮೇಲೆ ತಾನೇ ತಿಳಿದುಕೊಳ್ಳುತ್ತಾಳೆ ಅಂತ ನಿನ್ನ ನಿರ್ದೇಶಕಿ ಹೇಳಿಯಾರು. ಅಲ್ಲಿಯವರೆಗೆ ನನ್ನ ಮಗಳ ಕಣ್ಣಲ್ಲಿ ನಾನು ಕೆಟ್ಟವಳಾಗಿ ಇರಬೇಕೇ?

ನಿನ್ನ ಅಕ್ಕ


೨೯ ಏಪ್ರಿಲ್

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಅವಸರದ ಅಕ್ಷರ, ಹೇಗೋ ಓದಿಕೋ.

ಇವತ್ತು ಬೆಳಿಗ್ಗೆ ನಾವೆಲ್ಲ ಶೆಡ್ಡಿನ ಬಾಗಿಲಲ್ಲಿ ಕೂತಿದ್ದೆವು. ದೊಡ್ಡಮ್ಮನೂ ಕಟ್ಟು ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ಬಂದಿದ್ದರು. ರಸ್ತೆಯ ಆ ತುದಿಯಿಂದ ಕೂಗು ಕೇಳಿಸಿತು. "ಕಸಾ... ಕೊಡಿ ಕಸಾ..." ಕೊನೆಗೆ ಆ ನಗು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನ್ನ ಬಾಯಿ ಮುಚ್ಚಿತ್ತು, ನನ್ನ ದನಿ ರಸ್ತೆಯಲ್ಲಿ ಬರುತ್ತಿತ್ತು.

ಗುತ್ತಿಗೆದಾರ ಬೇರೆ ಕಡೆಯಿಂದ ಜನ ಕರೆಸಿ ಹೊಸ ಗಾಡಿ ಬಿಟ್ಟಿದ್ದಾನೆ. ಗಾಡಿಯ ಮೇಲೆ ನಿನ್ನ ಕೋಳಿಯ ಚಿತ್ರ, ಮೇಲ್ಛಾವಣಿಯಲ್ಲಿ ಸ್ಪೀಕರು. ಜನ ಬುಟ್ಟಿ ಹಿಡಿದು ಹೊರಗೆ ಬಂದರು. ಹಿಂದಿನಿಂದ ಯಾರೋ, ನಮ್ಮ ಜೊತೆ ಕೂತುಕೊಂಡೇ ಅವರಿಗೆ ದನಿ ಮಾರಿಕೊಂಡಿದ್ದಾಳೆ ಅಂದರು. ದೊಡ್ಡಮ್ಮ ನನ್ನ ಪಕ್ಕದಿಂದ ಸ್ವಲ್ಪ ಆಚೆ ಸರಿದು ಕೂತರು.

ಮಧ್ಯಾಹ್ನ ಆ ಗಾಡಿ ನಮ್ಮ ಮನೆಯ ಮುಂದೆಯೂ ಬಂತು. ಪುಟ್ಟಿ ಬರಿಗಾಲಲ್ಲಿ ಅದರ ಹಿಂದೆ ಓಡಿದಳು. ತಿರುವಿನಲ್ಲಿ ಹಿಡಿದುಕೊಂಡೆ. ಕೊಸರಾಡಿದಳು. "ಬಿಡು. ಗುಡಿಸಕ್ಕ ಕೆಲಸಕ್ಕೆ ಬಂದಿದಾಳೆ ನೋಡು. ಅವಳು ನಿಲ್ಸಿಲ್ಲ." ನನ್ನ ದನಿಯ ಹಿಂದೆ, ನನ್ನನ್ನೇ ತಳ್ಳಿ, ನನ್ನ ಮಗಳು ಓಡುತ್ತಾಳೆ ಕಣೋ.

ಮಕ್ಕಳಿಗೆ ಅಂತ ನೀನು ದನಿ ಕೇಳಿದೆ, ಕೊಟ್ಟೆ. ನನ್ನ ಹೊಟ್ಟೆಯ ಮೇಲೆ ಹೊಡೆಯುವುದಕ್ಕೆ ಕೊಟ್ಟಿರಲಿಲ್ಲ. ಅದನ್ನು ನಿಲ್ಲಿಸು. ಇಲ್ಲಿಗೆ ಬಂದು, ಅದು ಅಕ್ಕ ಮಾರಿದ್ದಲ್ಲ, ನಾನು ಒಯ್ದದ್ದು ಅಂತ ನಮ್ಮವರ ಮುಂದೆ ಹೇಳು.

ಅಕ್ಕ


೧೮ ಮೇ

ಅಕ್ಕಾ,

ಉತ್ತರ ತಡವಾಯಿತು. ಬರೆದು ಬರೆದು ಹರಿದೆ.

ವಿಚಾರಿಸಿದೆ. ದನಿಯನ್ನು ಸ್ಟುಡಿಯೋ ಮಾರಿಲ್ಲ, ಸಮಾಜಸೇವೆ ಅಂತ ನಿಮ್ಮ ಗುತ್ತಿಗೆದಾರನಿಗೆ ಪುಕ್ಕಟೆ ಕೊಟ್ಟಿದೆ. ನಿಮ್ಮ ಮುಷ್ಕರ ನಡೆಯುತ್ತಿದೆ ಅಂತ ಇಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿದಾಗ ನಿರ್ದೇಶಕಿಗೂ ಮುಜುಗರವಾಯಿತು. ಆದರೆ ಕೊಟ್ಟದ್ದನ್ನು ವಾಪಸ್ಸು ಕೇಳಿದರೆ ಸ್ಟುಡಿಯೋ ಒಂದು ಪಕ್ಷ ವಹಿಸಿದ ಹಾಗಾಗುತ್ತದೆ, ಮಕ್ಕಳ ಕಾರ್ಯಕ್ರಮಕ್ಕೆ ಅದೆಲ್ಲ ಬೇಡ ಅಂದರು. ಗುಡಿಸಕ್ಕನ ದನಿ ಸ್ಟುಡಿಯೋದ್ದಂತೆ.

ನಾನು ಈಗ ಅಲ್ಲಿಗೆ ಬಂದು ಮಾತಾಡಿದರೆ ಎರಡನೇ ಸರಣಿ ಕೈ ತಪ್ಪುತ್ತದೆ. ಅದು ಕೈಯಲ್ಲಿದ್ದರೆ ತಾನೇ ಮುಂದೆ ಏನಾದರೂ ಒಳ್ಳೆಯದು ಮಾಡಲು ಸಾಧ್ಯ? ಅಲ್ಲಿಯವರೆಗೆ ನೀನು ಒಂದು ಕೆಲಸ ಮಾಡಬಹುದು. ಆ ದನಿ ನಿನ್ನದಲ್ಲ ಅಂತ ಹೇಳಿಬಿಡು. ಒಬ್ಬರ ದನಿ ಇನ್ನೊಬ್ಬರ ಹಾಗೆ ಇರುವುದುಂಟು. ಯಾರೂ ಕೆದಕಿ ಕೇಳುವುದಿಲ್ಲ.

ಬೇಜಾರು ಮಾಡಿಕೊಳ್ಳಬೇಡ.

ನಿನ್ನ ತಮ್ಮ


೬ ಜೂನ್

ಬೇಜಾರು ಮಾಡಿಕೊಳ್ಳಬೇಡ ಅಂತ ಬರೆಯುವುದಕ್ಕೆ ನಿನಗೆ ಬಾಯಾದರೂ ಹೇಗೆ ಬಂತು?

ನನ್ನ ದನಿ ನನ್ನದಲ್ಲ ಅಂತ ನಾನೇ ಹೇಳಬೇಕು. ನಿನ್ನ ಕೆಲಸ ಉಳಿಯಲಿ ಅಂತ ನಾನು ನನ್ನ ಗಂಟಲು ಬಿಟ್ಟುಕೊಡಬೇಕು. ಸಮಾಜಸೇವೆ ಮಾಡುತ್ತಾರಂತೆ, ಸಮಾಜಸೇವೆ! ಯಾರ ಮನೆಯ ವಸ್ತು ಎತ್ತಿ ಯಾರಿಗೆ ದಾನ? ಪಕ್ಷ ವಹಿಸಲ್ಲ ಅನ್ನುವವರು ಒಂದು ಕಡೆಯವರ ಗಾಡಿಗೆ ಮಾತ್ರ ಸ್ಪೀಕರು ಕಟ್ಟಿಸುತ್ತಾರಾ? ನಿನ್ನ ಕಾಗದ ಓದಿದ ದಿನ ನಾನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ನಿಮ್ಮ ಭಾವ ಎರಡು ಸಲ ಹಣೆ ಮುಟ್ಟಿ ನೋಡಿದರು.

ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಹೋಗದೆ ತಿರುವಿನಲ್ಲಿ ನಿಂತೆ. ಗಾಡಿ ಬಂತು. ಅದು ಮುಂದೆ ಹೊರಟಿತು, ನಾನು ಹಿಂದೆ ಹೊರಟೆ. ಸ್ಪೀಕರು "ಕಸಾ... ಕೊಡಿ ಕಸಾ..." ಅಂದಿತು. ಅದು ಮುಗಿಯುವುದೇ ತಡ, ಅದೇ ರಾಗದಲ್ಲಿ ನಾನು ಕೂಗಿದೆ: "ಕಸಾ... ಕೊಡಬೇಡಿ ಕಸಾ..."

ಮೊದಲು ಜನಕ್ಕೆ ಏನೂ ಅರ್ಥವಾಗಲಿಲ್ಲ. ಬುಟ್ಟಿ ಹಿಡಿದವರು ಬಾಗಿಲಲ್ಲೇ ನಿಂತರು. ಮಕ್ಕಳಿಗೆ ಮಾತ್ರ ತಕ್ಷಣ ಅರ್ಥವಾಯಿತು. ಗುಡಿಸಕ್ಕ ಹೇಳಿದ್ದನ್ನು ಜೊತೆಯಲ್ಲಿ ಹೇಳಬೇಕು ಅಂತ ನೀವೇ ಅಭ್ಯಾಸ ಮಾಡಿಸಿದ್ದೀರಲ್ಲ. ಒಂದು ಕಿಟಕಿಯಿಂದ ಶುರುವಾಯಿತು, ಆಮೇಲೆ ಎದುರು ಮನೆ, ಆಮೇಲೆ ಮಹಡಿ. "ಕೊಡಬೇಡಿ ಕಸಾ..." ಮಹಡಿ ಮನೆಯ ಮಗು ಅಮ್ಮನ ಕೈಯಿಂದ ಬುಟ್ಟಿ ಎಳೆದುಕೊಂಡು ಅದರ ಮೇಲೆ ಕೂತುಬಿಟ್ಟಿತು. ಅವಳು ಎಬ್ಬಿಸುತ್ತಾಳೆ, ಅದು ಏಳುವುದಿಲ್ಲ. ಶಿಶುವಿಹಾರದ ಕೆಳಗೆ ಬಂದಾಗ ಮೇಲಿನ ಕೋಣೆಯಿಂದ ಇಡೀ ತರಗತಿ ಒಟ್ಟಿಗೆ ಕೂಗಿತು. ಅದರಲ್ಲಿ ಪುಟ್ಟಿಯ ದನಿಯೂ ಇತ್ತು, ನನಗೆ ಗೊತ್ತಾಯಿತು. ಆ ಕಿಟಕಿಗಳು ಎತ್ತರ, ಮಕ್ಕಳ ಮುಖ ಕಾಣಿಸಲಿಲ್ಲ.

ಶೆಡ್ಡಿನ ಹತ್ತಿರ ಬರುವ ಹೊತ್ತಿಗೆ ಗಾಡಿಯವನು ಸ್ಪೀಕರು ಬಂದ್ ಮಾಡಿದ್ದ, ನಾನು ಮಾತ್ರ ಕೂಗುತ್ತಿದ್ದೆ. ನಮ್ಮವರು ಒಬ್ಬೊಬ್ಬರೇ ಎದ್ದು ನಿಂತರು. ದೊಡ್ಡಮ್ಮ ಬಂದು ನನ್ನ ಜೊತೆ ನಡೆದರು. ಗಂಟಲು ಹರಿಯುವ ತನಕ ಕೂಗಿದೆ.

ನೀನು ನಿನ್ನ ಸರಣಿ ನೋಡಿಕೋ.

ಅಕ್ಕ


೩೦ ಜೂನ್

ಅಕ್ಕಾ,

ನಿನ್ನ ಕಾಗದಕ್ಕಿಂತ ಮೊದಲೇ ನೀನು ಇಲ್ಲಿಗೆ ಬಂದಿದ್ದೆ. ಯಾರೋ ಮಹಡಿಯಿಂದ ವಿಡಿಯೋ ಮಾಡಿದ್ದರು, ಅದು ಸ್ಟುಡಿಯೋ ತಲುಪಿತು. ಮೊದಲು ಗಾಬರಿಯಾದರು. ನಿಮ್ಮ ಅಕ್ಕ ಬೀದಿಯಲ್ಲಿ ಗುಡಿಸಕ್ಕನ ದನಿ ಬಳಸಬಾರದು, ಮಕ್ಕಳಿಗೆ ಗೊಂದಲವಾಗುತ್ತದೆ ಅಂತ ತಿಳಿಸಿ ಅಂದರು. ಕೋಳಿಯ ದನಿಯನ್ನು ನೀನು ಬಳಸುತ್ತಿದ್ದೀಯಂತೆ. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ಆಮೇಲೆ ನಿರ್ದೇಶಕಿಗೆ ಒಂದು ಉಪಾಯ ಹೊಳೆಯಿತು. ಇದನ್ನೇ ಒಂದು ಕಂತು ಮಾಡೋಣ ಅಂದರು. ಗುಡಿಸಕ್ಕ ಒಂದು ದಿನ ಮುನಿಸಿಕೊಂಡು ಕೆಲಸ ನಿಲ್ಲಿಸುತ್ತಾಳೆ. ಬೀದಿ ನಾರುತ್ತದೆ, ಮಕ್ಕಳು ಅಳುತ್ತಾರೆ. ಅವಳಿಗೆ ತಪ್ಪು ಅರಿವಾಗಿ ಕ್ಷಮೆ ಕೇಳಿ ವಾಪಸ್ಸು ಬರುತ್ತಾಳೆ. "ಕ್ಷಮೆ ಕೇಳೋ ಮಾತು ನಿಮ್ಮ ಅಕ್ಕನ ದನಿಯಲ್ಲೇ ಇರಲಿ. ಸಹಜವಾಗಿರುತ್ತೆ" ಅಂದರು. ಬರೆಯುವ ಕೆಲಸ ನನ್ನದು.

ಬರೆದೆ ಅಕ್ಕ. ಮಕ್ಕಳು ಅಳುವ ದೃಶ್ಯದ ತನಕ ಬರೆದೆ. ಕ್ಷಮೆಯ ಮಾತಿಗೆ ಬಂದಾಗ ಅದನ್ನು ನಿನ್ನ ದನಿಯಲ್ಲಿ ಮನಸ್ಸಿನೊಳಗೆ ಕೇಳಿಸಿಕೊಳ್ಳಬೇಕಾಯಿತು. ಮಾತು ಹೊರಗೆ ಬರುವಾಗ ಹೇಗಿರುತ್ತದೆ ಅಂತ ನಾನು ಯಾವಾಗಲೂ ಹಾಗೇ ನೋಡುವುದು. ನೀನು ಯಾರಲ್ಲೂ ಹಾಗೆ ಕ್ಷಮೆ ಕೇಳಿದ್ದನ್ನು ನಾನು ಕೇಳಿಯೇ ಇಲ್ಲ. ಕೇಳಬೇಕಾದ ತಪ್ಪನ್ನೂ ನೀನು ಮಾಡಿಲ್ಲ. ಎದ್ದು ಹೋಗಿ, ಇದನ್ನು ನಾನು ಬರೆಯುವುದಿಲ್ಲ, ಆ ದನಿ ಕೋಳಿಯದಲ್ಲ, ನನ್ನ ಅಕ್ಕನದು, ಗಾಡಿಗಳಿಂದ ಅದನ್ನು ತೆಗೆಸಿ ಅಂದೆ. ನಿರ್ದೇಶಕಿ ನೀರು ತರಿಸಿ ಕೊಟ್ಟರು, ನಿಮಗೆ ಸುಸ್ತಾಗಿದೆ, ಮನೆಗೆ ಹೋಗಿ ಅಂದರು. ಆ ವಾರ ಮುಗಿಯುವುದರೊಳಗೆ ನನ್ನ ಮೇಜಿನಲ್ಲಿ ಬೇರೆಯವರು ಕೂತಿದ್ದರು. ಗುಡಿಸಕ್ಕನಿಗೂ ಹೊಸ ದನಿ ಹುಡುಕಿದ್ದಾರೆ, ಯಾರೋ ಹಾಡುವವರು.

ಬರುತ್ತೇನೆ. ನಿಮ್ಮವರ ಮುಂದೆ ನಿಂತು, ದನಿ ಒಯ್ದವನು ನಾನು ಅಂತ ಹೇಳುತ್ತೇನೆ. ಬೇಡ ಅನ್ನಬೇಡ.

ನಿನ್ನ ತಮ್ಮ


೧೧ ಜುಲೈ

ತಮ್ಮಾ,

ನಿನ್ನ ಕೆಲಸ ಹೋಯಿತು ಅಂತ ಓದಿ ಸಂಕಟವಾಯಿತು. ಸಿಟ್ಟು ಪೂರ್ತಿ ಇಳಿಯಿತು ಅಂತ ಮಾತ್ರ ತಿಳಿಯಬೇಡ.

ನಾವು ಕೆಲಸಕ್ಕೆ ವಾಪಸ್ಸು ಹೋಗಿದ್ದೇವೆ. ಆ ಬೆಳಿಗ್ಗೆಯ ನಂತರ ಬೇರೆ ಬೀದಿಗಳಲ್ಲೂ ಜನ ಬುಟ್ಟಿ ಒಳಗಿಟ್ಟುಕೊಂಡರು, ಗುತ್ತಿಗೆದಾರನಿಗೆ ಬೇರೆ ದಾರಿ ಉಳಿಯಲಿಲ್ಲ. ದೊಡ್ಡಮ್ಮನನ್ನು ಮತ್ತೆ ತಗೊಂಡಿದ್ದಾರೆ. ಅವರ ಕೈ ಇನ್ನು ಮುಷ್ಟಿ ಕಟ್ಟುವುದಿಲ್ಲವಂತೆ, ಡಾಕ್ಟರು ಹೇಳಿದರು. ಕೈಗವಸು ಬಂದಿದೆ, ಒಂದರಲ್ಲಿ ನನ್ನ ಎರಡೂ ಕೈ ಹಿಡಿಸುತ್ತದೆ. ಗೆದ್ದೆವು ಅಂತ ಕುಣಿಯುವ ಹಾಗೇನಿಲ್ಲ.

ನೀನು ಬಾ. ಶೆಡ್ಡಿನ ಮುಂದೆ ನಿಂತು ಭಾಷಣ ಮಾಡುವುದು ಬೇಡ. ಅಲ್ಲಿ ನಿನ್ನಿಂದ ಆಗಬೇಕಾದದ್ದು ಏನೂ ಉಳಿದಿಲ್ಲ. ನಾನು ಯಾರು ಅಂತ ನಾನೇ ಕೂಗಿ ಹೇಳಿದ್ದಾಯಿತು, ಅವರು ಕೇಳಿಸಿಕೊಂಡರು.

ನಾನು ಕೂಗಿದ ಆ ದಿನ ಸಂಜೆಯ ಒಂದು ವಿಷಯ ನಿನಗೆ ಬರೆದಿರಲಿಲ್ಲ. ಬರೆಯುವುದಕ್ಕೆ ಆಗಿರಲಿಲ್ಲ. ನನ್ನ ಗಂಟಲು ಕಟ್ಟಿ ಹೋಗಿ ಮಾತೇ ಹೊರಡುತ್ತಿರಲಿಲ್ಲ. ಪುಟ್ಟಿ ಶಿಶುವಿಹಾರದಿಂದ ಕುಣಿಯುತ್ತಾ ಬಂದಳು. ಬಹಳ ದಿನಗಳ ಮೇಲೆ ಅವಳಾಗಿ ನನ್ನ ತೊಡೆ ಏರಿ ಕೂತಳು. "ಅಮ್ಮ, ಇವತ್ತು ನಿಜವಾದ ಗುಡಿಸಕ್ಕ ನಮ್ಮ ಸ್ಕೂಲ್ ಹತ್ರ ಬಂದಿದ್ಲು. ನೀನು ಇರ್ಬೇಕಿತ್ತು. ಕಸ ಕೊಡಬೇಡಿ ಅಂತ ಅವಳೇ ಹೇಳಿದ್ಲು. ಹಾಗಾದ್ರೆ ನೀನು ಕೆಟ್ಟೋಳಲ್ಲ" ಅಂದಳು. ಕೂಗಿದ್ದು ನಾನು ಕಣೇ ಅಂತ ಹೇಳಲು ಹೋದೆ, ಬರೀ ಗಾಳಿ ಬಂತು. ಅವಳು ನನ್ನ ಬಾಯಿಯ ಮೇಲೆ ಕೈ ಇಟ್ಟು, ನಿನಗೆ ಆ ಥರ ಬರಲ್ಲ, ಬಿಡು ಅಂದಳು. ಆಮೇಲೆ ಗಂಟಲು ಸರಿಹೋದ ಮೇಲೆ ಅವಳ ಎದುರೇ ಕೂಗಿ ತೋರಿಸಿದೆ. ಚೆನ್ನಾಗಿ ಕಲಿತಿದ್ದೀಯ ಅಂತ ಚಪ್ಪಾಳೆ ತಟ್ಟಿದಳು.

ನನ್ನ ಮಗಳು ನನ್ನನ್ನು ಕ್ಷಮಿಸಿದ್ದಾಳೆ, ಒಂದು ಕೋಳಿಯ ಶಿಫಾರಸಿನ ಮೇಲೆ. ಗುತ್ತಿಗೆದಾರನ ಹತ್ತಿರ ಬಡಿದಾಡಿ ಪಡೆಯಬಹುದಾದದ್ದನ್ನು ಪಡೆದೆ. ಇದನ್ನು ಯಾರ ಹತ್ತಿರ ಬಡಿದಾಡಿ ಪಡೆಯಲಿ?

ಆದ್ದರಿಂದ ಬಂದವನು ಮೊದಲು ಅವಳನ್ನು ಎದುರಿಗೆ ಕೂರಿಸಿಕೋ. ಆ ಕೋಳಿಗೆ ಮಾತು ಬರೆದವನು ನಾನು, ದನಿ ನಿನ್ನ ಅಮ್ಮನದು, ಗಾಜು ಎಲ್ಲರಿಗೂ ಚುಚ್ಚುತ್ತದೆ ಅಂತ ಹೇಳು. ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುವುದೇ ನಿನ್ನ ಕಸುಬು ತಾನೇ? ಒಂದು ದಿನದಲ್ಲಿ ಆಗದಿದ್ದರೆ ಒಂದು ತಿಂಗಳು ಹೇಳು. ನನ್ನ ಮಗಳು ನನ್ನ ಮುಖ ನೋಡಿಕೊಂಡು ನಂಬುವ ತನಕ ನೀನು ಈ ಮನೆ ಬಿಟ್ಟು ಹೋಗುವ ಹಾಗಿಲ್ಲ.

ನಿನ್ನ ಅಕ್ಕ